ನಾಯಿ ಬೆಕ್ಕುಗಳ ಕಿವಿಯ ನುಸಿ: ಅದನ್ನು ಗುರುತಿಸುವ ಕ್ರಮ

ಒಕ್ಕಲುತನದ ಮನೆಯಲ್ಲಿ ನಾಯಿಯೂ ಬೆಕ್ಕೂ ಕೇವಲ ಚಂದಕ್ಕಾಗಿ ಸಾಕಿದ ಪ್ರಾಣಿಗಳಲ್ಲ. ಕಣದಲ್ಲಿ ರಾಶಿ ಬಿದ್ದಿರುವಾಗ ಇರುಳಿನ ಕಾವಲು ನಾಯಿಯದು. ಕಣಜದಲ್ಲಿಯೂ ಉಗ್ರಾಣದಲ್ಲಿಯೂ ಇಲಿಗಳ ಹಾವಳಿಯನ್ನು ತಡೆಯುವುದು ಬೆಕ್ಕಿನ ಕೆಲಸ. ಹೀಗಿದ್ದರೂ ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಕೂಡಲೇ ವಿಚಾರಿಸುವ ಯಜಮಾನರು, ಬಾಗಿಲ ನಾಯಿಯು ವಾರಗಟ್ಟಲೆ ತಲೆ ಕೊಡವುತ್ತ ಕಿವಿಯನ್ನು ಕೆರೆದುಕೊಳ್ಳುತ್ತಿದ್ದರೂ ಅದನ್ನು ಗಮನಿಸುವುದು ಅಪರೂಪ. “ನಾಯಿ ಎಂದಮೇಲೆ ಕೆರೆದುಕೊಳ್ಳುತ್ತದೆ” ಎಂಬುದು ಸಾಮಾನ್ಯವಾಗಿ ದೊರೆಯುವ ಸಮಾಧಾನ. ಆದರೆ ಕಾರಣವಿಲ್ಲದೆ ಯಾವ ಪ್ರಾಣಿಯೂ ತನ್ನ ಕಿವಿಯನ್ನು ರಕ್ತ ಬರುವಂತೆ ಕೆರೆದುಕೊಳ್ಳುವುದಿಲ್ಲ. ಅನೇಕ ವೇಳೆ ಇದಕ್ಕೆ ಕಾರಣವು ಕಿವಿಯೊಳಗೆ ಸೇರಿಕೊಂಡ ನುಸಿಯೇ ಆಗಿರುತ್ತದೆ.

ಈ ರೋಗವು ಮಾರಕವಲ್ಲ, ಸುಲಭವಾಗಿ ಗುಣವಾಗತಕ್ಕದ್ದು. ಆದರೂ ಅಲಕ್ಷ್ಯ ಮಾಡಿದಲ್ಲಿ ಪ್ರಾಣಿಯ ಶ್ರವಣಶಕ್ತಿ ಹೋಗಬಹುದು. ಅದಕ್ಕಿಂತಲೂ ಹೆಚ್ಚಿನ ಅಪಾಯವೊಂದು ಉಂಟು. ಕಿವಿ ನೋಯುತ್ತಿರುವ ನಾಯಿಯು ತಲೆ ಸವರಲು ಬಂದ ಮನೆಯ ಮಗುವನ್ನೇ ಕಚ್ಚಬಹುದು. ಕಚ್ಚಿದ ಕೂಡಲೇ “ಹುಚ್ಚು ಹಿಡಿದಿದೆ” ಎಂದು ಊರವರು ಅದನ್ನು ಹೊಡೆದು ಕೊಲ್ಲಬಹುದು. ಆದಕಾರಣ ಈ ಚಿಕ್ಕ ರೋಗವನ್ನು ಗುರುತಿಸುವ ಬಗೆಯನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ನುಸಿಯ ಸ್ವರೂಪ

ನಾಯಿ ಬೆಕ್ಕುಗಳ ಕಿವಿಯಲ್ಲಿ ಕಾಣುವ ನುಸಿಗೆ ಶಾಸ್ತ್ರಜ್ಞರು ‘ಓಟೋಡೆಕ್ಟಿಸ್ ಸೈನೋಟಿಸ್’ ಎಂದು ಹೆಸರಿಟ್ಟಿದ್ದಾರೆ. ಇದು ಹೇನು, ಚಿಗಟಗಳಂತೆ ಆರು ಕಾಲಿನ ಕೀಟವಲ್ಲ. ಉಣ್ಣೆ, ಜೇಡಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜಂತು. ಬೆಳೆದ ನುಸಿಯ ಉದ್ದವು ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಿಂದ ಅರ್ಧ ಪಾಲಿನವರೆಗೆ ಮಾತ್ರ ಇರುತ್ತದೆ. ಅಂದರೆ ದೃಷ್ಟಿ ಚೆನ್ನಾಗಿರುವವರಿಗೆ, ಕಪ್ಪು ಹಿನ್ನೆಲೆಯ ಮೇಲೆ, ಚಲಿಸುವ ಬಿಳಿಯ ಚುಕ್ಕೆಯಂತೆ ಇದು ಕಾಣಬಹುದೇ ಹೊರತು ಕಾಲು, ಬಾಯಿ ಮುಂತಾದ ಅವಯವಗಳನ್ನು ನೋಡಬೇಕಾದರೆ ಭೂತಗನ್ನಡಿ ಅಥವಾ ಸೂಕ್ಷ್ಮದರ್ಶಕ ಯಂತ್ರವೇ ಬೇಕು.

ಕಜ್ಜಿಯನ್ನುಂಟುಮಾಡುವ ನುಸಿಯು ಚರ್ಮವನ್ನು ಕೊರೆದು ಒಳಹೋಗುತ್ತದೆ. ಕಿವಿಯ ನುಸಿಯಾದರೋ ಹಾಗೆ ಮಾಡದೆ ಕಿವಿಯ ನಾಳದಲ್ಲಿ ಚರ್ಮದ ಮೇಲೆಯೇ ವಾಸಮಾಡಿ, ಅಲ್ಲಿ ಉದುರುವ ಹೊಟ್ಟನ್ನೂ ಚರ್ಮದಿಂದ ಒಸರುವ ರಸವನ್ನೂ ತಿಂದು ಬದುಕುತ್ತದೆ. ಇದರ ಓಡಾಟದಿಂದಲೂ ಕಡಿತದಿಂದಲೂ ಮಲದಿಂದಲೂ ಚರ್ಮವು ಕೆರಳಿ ಕೆಂಪಾಗುತ್ತದೆ. ಗುಗ್ಗೆಯು ಮಿತಿಮೀರಿ ಹುಟ್ಟುತ್ತದೆ. ಗುಗ್ಗೆ, ಒಣಗಿದ ರಕ್ತ, ಚರ್ಮದ ಹೊಟ್ಟು, ನುಸಿಗಳ ಮಲ ಮತ್ತು ಮೊಟ್ಟೆ ಇವೆಲ್ಲವೂ ಕೂಡಿ ಕಿವಿಯಲ್ಲಿ ಒಂದು ಬಗೆಯ ಕಪ್ಪು ಕಸವಾಗಿ ತುಂಬಿಕೊಳ್ಳುತ್ತವೆ. ಈ ಕಪ್ಪು ಕಸವೇ ರೋಗವನ್ನು ತೋರಿಸಿಕೊಡುವ ಮುಖ್ಯ ಗುರುತು.

ಮೊಟ್ಟೆಯಿಂದ ಮೊಟ್ಟೆಯವರೆಗೆ

ನುಸಿಯ ಬಾಳನ್ನು ತಿಳಿಯದೆ ಅದಕ್ಕೆ ಔಷಧಮಾಡಹೊರಟರೆ ಶ್ರಮವು ವ್ಯರ್ಥವಾಗುವುದು. ಹೆಣ್ಣು ನುಸಿಯು ಕಿವಿಯ ಕಸದಲ್ಲಿ ಮೊಟ್ಟೆಯಿಟ್ಟು ಅಂಟಿಸುತ್ತದೆ. ಸುಮಾರು 4 ದಿವಸಗಳಲ್ಲಿ ಮೊಟ್ಟೆಯೊಡೆದು ಆರು ಕಾಲಿನ ಮರಿ ಹೊರಬರುತ್ತದೆ. ಈ ಮರಿಯು ಕೆಲವು ದಿನ ಆಹಾರ ತಿಂದು, ಪೊರೆ ಕಳಚಿ, ಎಂಟು ಕಾಲಿನ ಎಳೆಯ ನುಸಿಯಾಗುತ್ತದೆ; ಮತ್ತೊಮ್ಮೆ ಪೊರೆ ಕಳಚಿ ಇನ್ನೂ ದೊಡ್ಡದಾಗುತ್ತದೆ; ಕೊನೆಗೆ ಪೂರ್ಣವಾಗಿ ಬೆಳೆದ ನುಸಿಯಾಗುತ್ತದೆ. ಮೊಟ್ಟೆಯಿಂದ ಹಿಡಿದು ಪುನಃ ಮೊಟ್ಟೆಯಿಡುವ ಸ್ಥಿತಿಗೆ ಬರಲು ಸುಮಾರು 3 ವಾರಗಳು ಬೇಕು. ಬೆಳೆದ ನುಸಿಯು ಸುಮಾರು 2 ತಿಂಗಳು ಜೀವಿಸುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಿವಿಗೆ ಹಾಕುವ ಅನೇಕ ಔಷಧಗಳು ನುಸಿಯನ್ನು ಕೊಲ್ಲುತ್ತವೆಯೇ ಹೊರತು ಮೊಟ್ಟೆಯನ್ನು ಕೊಲ್ಲಲಾರವು. ನಾಲ್ಕೈದು ದಿನ ಔಷಧ ಹಾಕಿದ ಕೂಡಲೇ ಕೆರೆತ ಕಡಿಮೆಯಾಗುತ್ತದೆ. ಯಜಮಾನನು ಗುಣವಾಯಿತೆಂದು ತಿಳಿದು ಔಷಧವನ್ನು ನಿಲ್ಲಿಸುತ್ತಾನೆ. ಅಷ್ಟರಲ್ಲಿ ಉಳಿದ ಮೊಟ್ಟೆಗಳೊಡೆದು, ಮೂರನೆಯ ವಾರದ ಹೊತ್ತಿಗೆ ಹೊಸ ಸಂತಾನವು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಒಂದು ತಿಂಗಳಲ್ಲಿ ರೋಗವು ಮೊದಲಿನಂತೆಯೇ ಕಾಣಿಸಿಕೊಂಡು, “ಔಷಧವೇ ಸರಿಯಿಲ್ಲ” ಎಂಬ ದೂರು ಹುಟ್ಟುತ್ತದೆ. ಹೊಲದಲ್ಲಿ ಕಳೆಯ ಮೇಲುಭಾಗವನ್ನು ಮಾತ್ರ ಕೊಯ್ದು ಬೇರನ್ನು ಬಿಟ್ಟವನ ಸ್ಥಿತಿಯೇ ಇವನದೂ ಆಗುತ್ತದೆ.

ಹರಡುವ ರೀತಿ

ಈ ನುಸಿಯು ಮುಖ್ಯವಾಗಿ ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ಮೈಸೋಕಿನಿಂದ ಹರಡುತ್ತದೆ. ತಾಯಿಯ ಮೊಲೆಯುಣ್ಣುವಾಗ ಮರಿಗಳಿಗೆ ತಗಲುವುದು ಅತಿ ಸಾಮಾನ್ಯ. ಆದುದರಿಂದಲೇ ಎಳೆಯ ಮರಿಗಳಲ್ಲಿ ಈ ರೋಗ ಹೆಚ್ಚು. ನಾಯಿಗಳಿಗಿಂತ ಬೆಕ್ಕುಗಳಲ್ಲಿ ಇದು ಇನ್ನೂ ಹೆಚ್ಚು; ಬೆಕ್ಕಿನ ಕಿವಿ ಕೆಟ್ಟಿದ್ದರೆ ಮೊದಲು ಸಂಶಯಪಡಬೇಕಾದದ್ದು ನುಸಿಯನ್ನೇ. ನಾಯಿಗೂ ಬೆಕ್ಕಿಗೂ ಬರುವುದು ಒಂದೇ ಜಾತಿಯ ನುಸಿಯಾದ ಕಾರಣ, ಒಲೆಯ ಬಳಿ ಒಟ್ಟಿಗೆ ಮಲಗುವ ಬೆಕ್ಕು ನಾಯಿಗಳು ಪರಸ್ಪರ ರೋಗವನ್ನು ಹಂಚಿಕೊಳ್ಳುತ್ತವೆ. ನರಿಗಳಲ್ಲಿಯೂ ಇದೇ ನುಸಿ ಕಂಡುಬಂದಿದೆ.

ಪ್ರಾಣಿಯ ಮೈಯಿಂದ ಕೆಳಗೆ ಬಿದ್ದ ನುಸಿಯು ಬಹುಕಾಲ ಬದುಕಲಾರದು. ಆದರೂ ತಂಪೂ ತೇವವೂ ಇರುವ ಕಡೆ ಕೆಲವು ದಿನಗಳವರೆಗೆ ಜೀವದಿಂದಿರಬಲ್ಲುದಾದ್ದರಿಂದ, ಮಲಗುವ ಗೋಣಿತಟ್ಟು, ಹಳೆಯ ಕಂಬಳಿ ಮುಂತಾದುವುಗಳಿಂದಲೂ ಅಲ್ಪಸ್ವಲ್ಪ ಹರಡುವ ಸಂಭವವುಂಟು.

ಮನುಷ್ಯರಿಗೆ ಇದು ಅಂಟಿಕೊಳ್ಳುವ ರೋಗವಲ್ಲ. ರೋಗದ ಬೆಕ್ಕನ್ನು ಎತ್ತಿಕೊಳ್ಳುವವರ ಕೈ, ಎದೆಗಳ ಮೇಲೆ ಕ್ವಚಿತ್ತಾಗಿ ಕೆಂಪು ಗುಳ್ಳೆಗಳೆದ್ದು ತುರಿಸುವುದುಂಟು. ಬೆಕ್ಕಿಗೆ ಚಿಕಿತ್ಸೆಯಾದರೆ ಅವು ತಾವಾಗಿಯೇ ಹೋಗುತ್ತವೆ. ಈ ನುಸಿಯಿಂದ ಪ್ರಾಣಿಯು ಎಷ್ಟು ಸಂಕಟಪಡುತ್ತದೆಂಬುದನ್ನು ಅಮೆರಿಕಾ ದೇಶದ ಪಶುವೈದ್ಯ ರಾಬರ್ಟ್ ಲೋಪೆಜ್ ಎಂಬುವರು ವಿಚಿತ್ರವಾದ ರೀತಿಯಲ್ಲಿ ಪರೀಕ್ಷಿಸಿದರು. ಬೆಕ್ಕಿನ ಕಿವಿಯಿಂದ ತೆಗೆದ ನುಸಿಗಳನ್ನು ಅವರು ತಮ್ಮ ಕಿವಿಯೊಳಗೇ ಬಿಟ್ಟುಕೊಂಡರು. ನುಸಿಗಳು ಓಡಾಡುವ ಕೆರೆತದ ಸದ್ದು, ತಡೆಯಲಾರದ ತುರಿಕೆ, ನೋವು ಇವನ್ನು ಅನುಭವಿಸಿ, ರಾತ್ರಿಯ ವೇಳೆ ಉಪದ್ರವವು ಹೆಚ್ಚಾಗಿ ನಿದ್ರೆಯೇ ಕೆಟ್ಟಿತೆಂದು ಅವರು 1993ರಲ್ಲಿ ಅಮೆರಿಕದ ಪಶುವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಪ್ರಯೋಗಕ್ಕೆ 1994ರಲ್ಲಿ, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಬಹುಮಾನವು ದೊರೆಯಿತು. ನಗುವ ಸಂಗತಿಯಾದರೂ ಇದರಲ್ಲಿ ತಿಳಿಯತಕ್ಕದ್ದುಂಟು: ಬಾಯಿಬಲ್ಲ ಮನುಷ್ಯನು ವರ್ಣಿಸಿದ ಈ ಯಾತನೆಯನ್ನು ಬಾಯಿಲ್ಲದ ಪ್ರಾಣಿಯು ತಿಂಗಳುಗಟ್ಟಲೆ ಸಹಿಸುತ್ತದೆ.

ರೋಗದ ಚಿಹ್ನೆಗಳು

ದೂರದಿಂದ ನೋಡಿಯೇ ತಿಳಿಯಬಹುದಾದ ಗುರುತುಗಳು ಇವು:

1. ಪ್ರಾಣಿಯು ಮೇಲಿಂದ ಮೇಲೆ ತಲೆಯನ್ನು ಕೊಡವುತ್ತದೆ. ನಾಯಿಯಾದರೆ ಕಿವಿಗಳು ಕೆನ್ನೆಗೆ ಬಡಿಯುವ ಪಟಪಟ ಸದ್ದು ರಾತ್ರಿಯೆಲ್ಲ ಕೇಳಿಬರುತ್ತದೆ.

2. ಹಿಂಗಾಲಿನಿಂದ ಕಿವಿಯ ಬುಡವನ್ನು ಕೆರೆದುಕೊಳ್ಳುತ್ತದೆ. ಗೋಡೆಗೆ, ಕಂಬಕ್ಕೆ, ನೆಲಕ್ಕೆ ಕಿವಿಯನ್ನು ತಿಕ್ಕುತ್ತದೆ.

3. ಕಿವಿಯ ಹಿಂಬದಿಯಲ್ಲಿಯೂ ಕತ್ತಿನ ಮೇಲೆಯೂ ಕೂದಲುದುರಿ, ಉಗುರು ತಾಗಿದ ಗಾಯಗಳೂ ಹಕ್ಕಳೆಗಳೂ ಕಾಣುತ್ತವೆ.

4. ಒಂದೇ ಕಿವಿಯಲ್ಲಿ ಉಪದ್ರವ ಹೆಚ್ಚಾಗಿದ್ದರೆ ತಲೆಯನ್ನು ಆ ಕಡೆಗೆ ವಾಲಿಸಿಕೊಂಡಿರುತ್ತದೆ. ಆದರೆ ನುಸಿಯು ಸಾಮಾನ್ಯವಾಗಿ ಎರಡು ಕಿವಿಗಳಲ್ಲಿಯೂ ಇರುತ್ತದೆ.

5. ಕಿವಿಯನ್ನು ಮುಟ್ಟಗೊಡದೆ ತಲೆಯನ್ನು ಎಳೆದುಕೊಳ್ಳುತ್ತದೆ, ಗುರುಗುಟ್ಟುತ್ತದೆ.

ಹತ್ತಿರದಿಂದ ನೋಡುವಾಗ ಪ್ರಾಣಿಯನ್ನು ಅದರ ಪರಿಚಯವುಳ್ಳವರೇ ಹಿಡಿದುಕೊಳ್ಳತಕ್ಕದ್ದು. ನಾಯಿಯ ಮೂತಿಗೆ ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಉಸಿರಿಗೆ ತೊಂದರೆಯಾಗದಂತೆ ಕಟ್ಟುವುದು ಒಳ್ಳೆಯದು. ಬೆಕ್ಕನ್ನು ದಪ್ಪನೆಯ ಟವಲಿನಲ್ಲಿ ತಲೆ ಮಾತ್ರ ಹೊರಗಿರುವಂತೆ ಸುತ್ತಿಕೊಳ್ಳಬೇಕು. ಅನಂತರ ಬೆಳಕಿನ ಕಡೆಗೆ ತಿರುಗಿಸಿ ಕಿವಿಯ ಹಾಳೆಯನ್ನು ಮೆಲ್ಲನೆ ಮಡಿಸಿ ಒಳಗೆ ನೋಡಬೇಕು. ಆರೋಗ್ಯವಾದ ಕಿವಿಯ ಒಳಭಾಗವು ತೆಳು ಗುಲಾಬಿ ಬಣ್ಣವಾಗಿದ್ದು, ಸ್ವಲ್ಪ ಹಳದಿ ಗುಗ್ಗೆಯಿದ್ದರೂ ದುರ್ವಾಸನೆಯಿರುವುದಿಲ್ಲ. ನುಸಿ ಹಿಡಿದ ಕಿವಿಯಲ್ಲಿ ಚರ್ಮವು ಕೆಂಪಾಗಿರುತ್ತದೆ. ಕಾಫಿಯ ಚರಟದಂತೆ ಕಪ್ಪಗೆ, ಒಣಗಿ ಪುಡಿಪುಡಿಯಾದ ಕಸವು ತುಂಬಿರುತ್ತದೆ. ಕಾಫಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟವನ್ನು ನೋಡಿದವರಿಗೆ ಈ ಗುರುತನ್ನು ಬೇರೆ ವಿವರಿಸಬೇಕಾಗಿಲ್ಲ.

ಕಿವಿಯ ಬುಡವನ್ನು ಬೆರಳಿನಿಂದ ಮೆಲ್ಲನೆ ತಿಕ್ಕಿದಾಗ ಪ್ರಾಣಿಯು ಆ ಕಡೆಯ ಹಿಂಗಾಲನ್ನು ಕೆರೆಯುವಂತೆ ಗಾಳಿಯಲ್ಲಿ ಆಡಿಸಿದರೆ, ತುರಿಕೆ ಬಲವಾಗಿದೆಯೆಂದು ತಿಳಿಯಬೇಕು.

ಕೆಲವು ಪ್ರಾಣಿಗಳಲ್ಲಿ, ವಿಶೇಷವಾಗಿ ಬೆಕ್ಕುಗಳಲ್ಲಿ, ಕಿವಿಯ ತುಂಬ ಕಪ್ಪು ಕಸವಿದ್ದರೂ ಕೆರೆತವಿರುವುದಿಲ್ಲ. ಇನ್ನು ಕೆಲವುಗಳಲ್ಲಿ ಹತ್ತಾರು ನುಸಿಗಳಿದ್ದರೂ ಸಾಕು, ಪ್ರಾಣಿಯು ಹುಚ್ಚೆದ್ದಂತೆ ಕೆರೆದುಕೊಳ್ಳುತ್ತದೆ. ಇದು ಆಯಾ ಪ್ರಾಣಿಯ ಮೈಗುಣ. ಆದ್ದರಿಂದ ಕೆರೆತವಿಲ್ಲವೆಂದ ಮಾತ್ರಕ್ಕೆ ನುಸಿಯಿಲ್ಲವೆಂದು ನಿಶ್ಚಯಿಸಕೂಡದು. ಅಂಥ ಬೆಕ್ಕು ತಾನು ಸುಖವಾಗಿದ್ದು ಉಳಿದವುಗಳಿಗೆ ರೋಗವನ್ನು ಹಂಚುತ್ತಿರುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಸ್ವಲ್ಪ ಹತ್ತಿಯನ್ನು ಬೆರಳಿನ ತುದಿಗೆ ಸುತ್ತಿ, ಕಿವಿಯ ಹೊರಬಾಯಲ್ಲಿ ಕಾಣುವಷ್ಟು ಕಸವನ್ನು ಮಾತ್ರ ಒರಸಿ ತೆಗೆಯಬೇಕು. ಕಡ್ಡಿಯನ್ನಾಗಲಿ ಗುಗ್ಗೆಗೋಲನ್ನಾಗಲಿ ಒಳಗೆ ತೂರಿಸಲೇಕೂಡದು. ತೆಗೆದ ಕಸವನ್ನು ಕಪ್ಪು ಕಾಗದದ ಮೇಲೆ ಉದುರಿಸಿ, ಕಾಗದವನ್ನು ಎಳೆಬಿಸಿಲಿನಲ್ಲಿ ಎರಡು ಮೂರು ನಿಮಿಷ ಇಟ್ಟು, ಭೂತಗನ್ನಡಿಯಿಂದ ತಾಳ್ಮೆಯಾಗಿ ನೋಡಬೇಕು. ಸೂಜಿಯ ಮೊನೆಯಷ್ಟು ಬಿಳಿಯ ಚುಕ್ಕೆಗಳು ಕಸದಿಂದ ಹೊರಬಂದು ಹರಿದಾಡಿದರೆ ನುಸಿಯಿರುವುದು ನಿಸ್ಸಂಶಯ.

ಚುಕ್ಕೆಗಳು ಕಾಣದಿದ್ದರೆ ನುಸಿಯಿಲ್ಲವೆಂದು ಅರ್ಥವಲ್ಲ. ನುಸಿಗಳು ಕಿವಿಯ ಆಳದಲ್ಲಿರಬಹುದು. ಪಶುವೈದ್ಯರು ಕಸವನ್ನು ಎಣ್ಣೆಯ ಹನಿಯೊಡನೆ ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಿಂದ ನೋಡಿದಾಗ ನುಸಿಯೂ ಅದರ ಮೊಟ್ಟೆಯೂ ಸ್ಪಷ್ಟವಾಗಿ ಕಾಣುತ್ತವೆ. ಕಿವಿಯೊಳಗೆ ನೋಡುವ ದೀಪದ ಸಾಧನವೂ ಅವರಲ್ಲಿರುತ್ತದೆ. ಕೊನೆಯ ನಿರ್ಣಯವನ್ನು ಅವರಿಗೇ ಬಿಡತಕ್ಕದ್ದು.

ನುಸಿಯಂತೆ ತೋರುವ ಬೇರೆ ರೋಗಗಳು

ಕಿವಿ ಕೆರೆಯುವುದೆಲ್ಲ ನುಸಿಯಿಂದಲೇ ಅಲ್ಲ. ಹೋಲಿಕೆಯುಳ್ಳ ಕಾರಣಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಉಣ್ಣೆ: ಕಿವಿಯ ಹಾಳೆಯಲ್ಲಿಯೂ ಮಡಿಕೆಗಳಲ್ಲಿಯೂ ಉಣ್ಣೆ ಕಚ್ಚಿಕೊಂಡಿರುವುದು ನಮ್ಮ ಸೀಮೆಯ ನಾಯಿಗಳಲ್ಲಿ ಬಹಳ ಸಾಮಾನ್ಯ. ಇವು ಬರಿಗಣ್ಣಿಗೆ ಕಾಣುತ್ತವೆ, ಬೆರಳಿಗೆ ಸಿಕ್ಕುತ್ತವೆ.

ಹುಲ್ಲಿನ ಊಬು: ಸುಗ್ಗಿಯ ಕಾಲದಲ್ಲಿ ಹೊಲದಲ್ಲಿ ಓಡಾಡಿ ಬಂದ ನಾಯಿಯು ಇದ್ದಕ್ಕಿದ್ದಂತೆ ಒಂದೇ ಕಿವಿಯನ್ನು ವಾಲಿಸಿಕೊಂಡು ಕುಂಯ್‌ಗುಟ್ಟಿದರೆ ಊಬು ಹೊಕ್ಕಿರುವ ಸಂಭವವೇ ಹೆಚ್ಚು. ನುಸಿಯ ಉಪದ್ರವವು ಹೀಗೆ ಒಂದೇ ಗಳಿಗೆಯಲ್ಲಿ ಮೊದಲಾಗುವುದಿಲ್ಲ.

ಕಿವಿ ಸೋರುವುದು: ಹಳದಿ ಅಥವಾ ಹಸುರುಬಣ್ಣದ ಕೀವು, ಕೆಟ್ಟ ನಾತ, ಒದ್ದೆಯಾದ ಕಿವಿ ಇವು ಸೂಕ್ಷ್ಮಾಣುಗಳ ಸೋಂಕನ್ನು ಸೂಚಿಸುತ್ತವೆ. ಜಿಡ್ಡಾದ ಕಂದು ಗುಗ್ಗೆಯೂ ಹುಳಿತ ವಾಸನೆಯೂ ಇದ್ದರೆ ಬೂಷ್ಟಿನ ಜಾತಿಯ ಸೋಂಕಿರಬಹುದು. ನುಸಿಯಿಂದ ಕೆರಳಿದ ಕಿವಿಯಲ್ಲಿ ಈ ಸೋಂಕುಗಳು ಆಮೇಲೆ ಬಂದು ಸೇರಿಕೊಳ್ಳುವುದೂ ಉಂಟು. ಆಗ ನುಸಿ ಸತ್ತರೂ ಕಿವಿ ಗುಣವಾಗುವುದಿಲ್ಲ, ಸೋಂಕಿಗೂ ಔಷಧವಾಗಬೇಕು.

ಕಜ್ಜಿ: ನಾಯಿಯ ಕಿವಿಯ ಅಂಚಿನಲ್ಲಿಯೂ ಮೊಣಕೈಯಲ್ಲಿಯೂ ಹಕ್ಕುಗಟ್ಟಿ ಕೂದಲುದುರಿ, ಕಿವಿಯೊಳಗೆ ಕಪ್ಪು ಕಸವಿಲ್ಲದಿದ್ದರೆ ಅದು ಕಜ್ಜಿಯಾಗಿರಬಹುದು. ಇದು ಮನುಷ್ಯರಿಗೂ ತುರಿಕೆಯನ್ನುಂಟುಮಾಡುತ್ತದೆ.

ಮುಧೋಳದ ಬೇಟೆನಾಯಿಯಂತೆ ಜೋಲು ಕಿವಿಯುಳ್ಳ ನಾಯಿಗಳಲ್ಲಿ ಕಿವಿಯ ಒಳಗೆ ಗಾಳಿಯಾಡುವುದು ಕಡಿಮೆಯಾದ್ದರಿಂದ ಅವುಗಳ ಕಿವಿಯನ್ನು ಆಗಾಗ್ಗೆ ಎತ್ತಿ ನೋಡುತ್ತಿರುವುದು ಮೇಲು. ಈ ತಳಿಯು ಬಾಗಲಕೋಟೆ ಸೀಮೆಗೆ ಎಷ್ಟು ಕೀರ್ತಿ ತಂದಿದೆಯೆಂಬುದಕ್ಕೆ 2005ರಲ್ಲಿ ಭಾರತದ ಅಂಚೆ ಇಲಾಖೆಯವರು ಹೊರಡಿಸಿದ ನಾಯಿತಳಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನ ದೊರೆತದ್ದೇ ಸಾಕ್ಷಿ. ಅಂಥ ನಾಯಿಯನ್ನು ಸಾಕಿ ಅದರ ಕಿವಿಯನ್ನು ನೋಡದಿರುವುದು, ಬೆಲೆಬಾಳುವ ಎತ್ತನ್ನು ತಂದು ಗೊರಸನ್ನು ನೋಡದಿದ್ದಂತೆ.

ಅಲಕ್ಷ್ಯದಿಂದಾಗುವ ಕೇಡು

ಪ್ರಾಣಿಯು ಬಲವಾಗಿ ತಲೆ ಕೊಡವುವುದರಿಂದ ಕಿವಿಯ ಹಾಳೆಯೊಳಗಿನ ರಕ್ತನಾಳವು ಒಡೆದು, ಹಾಳೆಯು ಬುರುಗಿನ ದಿಂಬಿನಂತೆ ಊದಿಕೊಳ್ಳುವುದುಂಟು. ಇದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬೇಕಾಗುತ್ತದೆ. ಬಿಟ್ಟರೆ ಕಿವಿಯು ಮುದುಡಿ ಸುಕ್ಕಾಗುತ್ತದೆ. ಕೆರೆದ ಗಾಯಗಳಲ್ಲಿ ನೊಣವು ಕುಳಿತು ಹುಳು ಬೀಳುತ್ತದೆ. ಸೋಂಕು ಒಳಕ್ಕಿಳಿದರೆ ಕಿವಿಯ ತಮಟೆಯು ಒಡೆದು, ಒಳಕಿವಿಗೆ ತಗಲಿ, ಪ್ರಾಣಿಯು ತೂಕತಪ್ಪಿ ಸುತ್ತುತ್ತ ಬೀಳುತ್ತದೆ, ಕಿವುಡಾಗುತ್ತದೆ. ಕಿವುಡು ನಾಯಿಯಿಂದ ಕಣದ ಕಾವಲು ಹೇಗಾದೀತು? ಹೆಜ್ಜೆಯ ಸಪ್ಪಳ ಕೇಳದ ಬೆಕ್ಕು ಇಲಿಯನ್ನು ಹೇಗೆ ಹಿಡಿದೀತು?

ಕಚ್ಚಿದ ನಾಯಿ ಮತ್ತು ಹುಚ್ಚಿನ ಸಂಶಯ

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ಒಂದು ಮನೆಯ ನಾಯಿಯು ಹತ್ತಿಪ್ಪತ್ತು ದಿನಗಳಿಂದ ತಲೆ ಕೊಡವುತ್ತಿತ್ತೆಂದೂ, ಒಂದು ಸಂಜೆ ಮನೆಯ ಮಗುವು ಅದರ ಕಿವಿಯನ್ನು ಹಿಡಿದೆಳೆಯಲು ಅದು ಕಚ್ಚಿತೆಂದೂ ಇಟ್ಟುಕೊಳ್ಳೋಣ. ಇಂಥ ಸಂದರ್ಭದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಗಾಬರಿಗೊಂಡವರು ನಾಯಿಯನ್ನು ಕೂಡಲೇ ಕೊಲ್ಲುತ್ತಾರೆ. ಅಥವಾ “ಕಿವಿ ನೋವಿನಿಂದ ಕಚ್ಚಿತು, ಚಿಂತೆಯಿಲ್ಲ” ಎಂದು ಮಗುವಿಗೆ ಚಿಕಿತ್ಸೆ ಕೊಡಿಸದೆ ಸುಮ್ಮನಾಗುತ್ತಾರೆ. ಮೊದಲನೆಯದು ಅವಿವೇಕ, ಎರಡನೆಯದು ಪ್ರಾಣಾಂತಿಕ.

ನುಸಿಯ ನೋವಿನಿಂದ ಕೆರಳಿದ ನಾಯಿಯು ಅನ್ನ ನೀರನ್ನು ತೆಗೆದುಕೊಳ್ಳುತ್ತದೆ, ಯಜಮಾನನನ್ನು ಗುರುತಿಸುತ್ತದೆ, ಕಿವಿಯನ್ನು ಮುಟ್ಟದಿದ್ದರೆ ಎಂದಿನಂತಿರುತ್ತದೆ. ಹುಚ್ಚು ಹಿಡಿದ ನಾಯಿಯಲ್ಲಿ ನಡತೆಯೇ ಬದಲಾಗುತ್ತದೆ, ಸ್ವರವು ಕೆಡುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾರದೆ ದವಡೆ ಜೋತುಬೀಳುತ್ತದೆ, ಕಾಲುಗಳು ಸೋಲುತ್ತವೆ. ಆದರೂ ಕಣ್ಣಳತೆಯಿಂದಲೇ ಇದನ್ನು ನಿರ್ಣಯಿಸಕೂಡದು. ಕಿವಿಯಲ್ಲಿ ನುಸಿಯಿರುವ ನಾಯಿಗೂ ಹುಚ್ಚು ಬರಬಹುದು.

ಆದುದರಿಂದ ಯಾವ ನಾಯಿ, ಬೆಕ್ಕು ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದಂತೆ ಚುಚ್ಚುಮದ್ದನ್ನು ಹಾಕಿಸಿಕೊಳ್ಳತಕ್ಕದ್ದು. ನಾಯಿಯನ್ನು ಕೊಲ್ಲದೆ ಕಟ್ಟಿಹಾಕಿ 10 ದಿನಗಳವರೆಗೆ ನೋಡಬೇಕು. ಆ ಅವಧಿಯಲ್ಲಿ ಅದು ಆರೋಗ್ಯವಾಗಿ ಉಳಿದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ಹುಚ್ಚಿನ ವಿಷವಿರಲಿಲ್ಲವೆಂದು ತಿಳಿಯುತ್ತದೆ. ಕೊಂದುಬಿಟ್ಟರೆ ಈ ತಿಳಿವಳಿಕೆಗೆ ದಾರಿಯೇ ಇಲ್ಲವಾಗುವುದು. ಹತ್ತು ದಿನ ಕಾದು ನೋಡುವುದು ನಾಯಿಯ ವಿಷಯದಲ್ಲಿ ಮಾತ್ರ. ಮನುಷ್ಯನ ಚಿಕಿತ್ಸೆಗೆ ಒಂದು ದಿನವೂ ಕಾಯಕೂಡದು.

ಚಿಕಿತ್ಸೆಯ ಕ್ರಮ

ನಾಯಿ ಬೆಕ್ಕುಗಳ ಕಿವಿಯ ನಾಳವು ಮನುಷ್ಯರದರಂತೆ ನೇರವಾಗಿಲ್ಲ. ಅದು ಮೊದಲು ಕೆಳಮುಖವಾಗಿ ಇಳಿದು, ಆಮೇಲೆ ಒಳಕ್ಕೆ ಅಡ್ಡಲಾಗಿ ತಿರುಗುತ್ತದೆ. ತಮಟೆಯು ಈ ತಿರುವಿನ ಕೊನೆಯಲ್ಲಿದೆ. ಆದಕಾರಣ ಕಡ್ಡಿಯಿಂದ ಕೆದಕಿದರೆ ಕಸವು ತಿರುವಿನಲ್ಲಿ ಇನ್ನೂ ಒಳಕ್ಕೆ ತುರುಕಲ್ಪಡುವುದೇ ಹೊರತು ಹೊರಬರುವುದಿಲ್ಲ.

ಪಶುವೈದ್ಯರು ಮೊದಲು ತಮಟೆಯು ನೆಟ್ಟಗಿದೆಯೇ ಎಂದು ಪರೀಕ್ಷಿಸಿ, ಕಿವಿಯನ್ನು ತಕ್ಕ ದ್ರವದಿಂದ ಶುದ್ಧಮಾಡುತ್ತಾರೆ. ಕಸವನ್ನು ತೆಗೆಯದೆ ಹಾಕಿದ ಔಷಧವು ನುಸಿಯನ್ನು ಮುಟ್ಟುವುದಿಲ್ಲ. ಅನಂತರದ ಔಷಧದಲ್ಲಿ ಎರಡು ಬಗೆಗಳುಂಟು. ಒಂದು, ಕಿವಿಗೆ ಹಾಕುವ ಹನಿ. ಇದನ್ನು ವೈದ್ಯರು ಹೇಳಿದಷ್ಟು ದಿನವೂ, ಕೆರೆತ ನಿಂತ ಮೇಲೂ ಬಿಡದೆ, ನುಸಿಯ 3 ವಾರಗಳ ಬಾಳು ಮುಗಿಯುವವರೆಗೆ ಮುಂದುವರಿಸಬೇಕಾಗುತ್ತದೆ. ಎರಡನೆಯದು, ಸೆಲಮೆಕ್ಟಿನ್, ಮಾಕ್ಸಿಡೆಕ್ಟಿನ್ ಮುಂತಾದವನ್ನು ಕತ್ತಿನ ಹಿಂಬದಿಯ ಚರ್ಮದ ಮೇಲೆ ಹಾಕುವ, ಅಥವಾ ಫ್ಲೂರಲನರ್, ಅಫಾಕ್ಸೊಲನರ್ ಮುಂತಾದವನ್ನು ಮಾತ್ರೆಯಾಗಿ ಕೊಡುವ ಹೊಸ ಕ್ರಮ. ಇವು ರಕ್ತದ ಮೂಲಕವೋ ಚರ್ಮದ ಮೂಲಕವೋ ಮೈಯೆಲ್ಲ ಹರಡಿ ಬಹುದಿನ ನಿಲ್ಲುವುದರಿಂದ, ಮೊಟ್ಟೆಯಿಂದ ಹೊರಬರುವ ಮರಿಗಳೂ ಸಾಯುತ್ತವೆ. ಯಾವ ಪ್ರಾಣಿಗೆ ಯಾವುದನ್ನು ಎಷ್ಟು ಕೊಡಬೇಕೆಂಬುದು ಅದರ ಜಾತಿ, ವಯಸ್ಸು, ತೂಕಗಳನ್ನು ಅವಲಂಬಿಸಿದೆ. ನಾಯಿಗೆ ಕೊಟ್ಟದ್ದನ್ನು ಬೆಕ್ಕಿಗೆ ಕೊಡಕೂಡದು.

ಈ ಕೆಳಗಿನ ನಿಯಮಗಳನ್ನು ತಪ್ಪದೆ ಪಾಲಿಸತಕ್ಕದ್ದು:

1. ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು. ಒಂದನ್ನು ಬಿಟ್ಟರೆ ಅದರಿಂದ ಉಳಿದವುಗಳಿಗೆ ಪುನಃ ತಗಲುವುದು.

2. ನುಸಿಗಳು ಕೆಲವು ವೇಳೆ ಕಿವಿಯಿಂದ ಹೊರಬಂದು ಕತ್ತು, ಬೆನ್ನು, ಬಾಲದ ಬುಡಗಳಲ್ಲಿಯೂ ಇರುತ್ತವೆ; ಬೆಕ್ಕು ಸುತ್ತಿಕೊಂಡು ಮಲಗುವಾಗ ಬಾಲವು ಕಿವಿಗೆ ತಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಕಿವಿಗೆ ಮಾತ್ರ ಔಷಧ ಹಾಕಿದರೆ ಸಾಲದೆ ಬರಬಹುದು.

3. ಮಲಗುವ ಗೋಣಿ, ಕಂಬಳಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು; ಹರಕನ್ನು ಸುಟ್ಟುಬಿಡಬೇಕು.

4. ಒಂದು ತಿಂಗಳಾದ ಮೇಲೆ ಪುನಃ ಪರೀಕ್ಷೆ ಮಾಡಿಸಬೇಕು.

ಮಾಡಕೂಡದ ಉಪಚಾರಗಳು

ಸೀಮೆಎಣ್ಣೆ, ಟರ್ಪೆಂಟೈನ್, ಹೊಗೆಸೊಪ್ಪಿನ ನೀರು, ಸುಣ್ಣದ ತಿಳಿ ಇವುಗಳನ್ನು ಕಿವಿಗೆ ಹಾಕುವ ಪದ್ಧತಿಯನ್ನು ಬಿಡಬೇಕು. ಇವು ಮೊದಲೇ ಹುಣ್ಣಾದ ಚರ್ಮವನ್ನು ಸುಡುತ್ತವೆ. ತಮಟೆ ಒಡೆದಿದ್ದರೆ ಒಳಕಿವಿಯನ್ನು ನಾಶಮಾಡುತ್ತವೆ. ಬರಿಯ ಎಣ್ಣೆಯನ್ನು ಬಿಟ್ಟರೆ ಕಸವು ಮೆತ್ತಗಾಗಿ ಕೆಲವು ನುಸಿಗಳು ಉಸಿರುಕಟ್ಟಿ ಸಾಯಬಹುದಾದರೂ ರೋಗವು ಬುಡಸಹಿತ ಹೋಗುವುದಿಲ್ಲ.

ದನಗಳ ಉಣ್ಣೆಗೆಂದು ತಂದ ವಿಷದ ಔಷಧವನ್ನೂ ಬೆಳೆಗೆ ಸಿಂಪಡಿಸುವ ವಿಷವನ್ನೂ ನಾಯಿ ಬೆಕ್ಕುಗಳಿಗೆ ಎಂದಿಗೂ ಹಾಕಕೂಡದು. ಪರ್ಮೆಥ್ರಿನ್ ಎಂಬುದು ಬೆಕ್ಕಿಗೆ ಘೋರವಾದ ವಿಷ. ಬೆಕ್ಕಿನ ದೇಹಕ್ಕೆ ಅದನ್ನು ಕರಗಿಸುವ ಶಕ್ತಿ ಕಡಿಮೆ. ಮೈ ನಡುಗಿ, ಸೆಳವು ಬಂದು ಬೆಕ್ಕು ಸಾಯುತ್ತದೆ. ದನಗಳಿಗೆ ಚುಚ್ಚುವ ಐವರ್‌ಮೆಕ್ಟಿನ್ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚಿಸುವುದೂ ಅಪಾಯಕರ. ಕೋಲಿ ಮೊದಲಾದ ಕುರಿಕಾಯುವ ವಿದೇಶೀ ತಳಿಗಳಲ್ಲಿ ಅನೇಕ ನಾಯಿಗಳಿಗೆ ಈ ಔಷಧವು ಮೆದುಳಿಗೇರಿ ಪ್ರಾಣಹಾನಿಯುಂಟಾಗುತ್ತದೆ. ಬಹಳ ಎಳೆಯ ಮರಿಗಳಿಗೂ ಇದು ಒಗ್ಗುವುದಿಲ್ಲ.

ಮೊಲ ಮತ್ತು ಮೇಕೆಗಳ ಕಿವಿ

ಮೊಲ ಸಾಕುವವರು ಇನ್ನೊಂದು ಜಾತಿಯ ಕಿವಿನುಸಿಯನ್ನು ತಿಳಿದಿರಬೇಕು. ಅದಕ್ಕೆ ‘ಸೋರಾಪ್ಟಿಸ್’ ಎಂದು ಹೆಸರು. ಇದರಿಂದ ಮೊಲದ ಕಿವಿಯಲ್ಲಿ ಕಂದುಬಣ್ಣದ ದಪ್ಪ ಹಕ್ಕುಗಳು ಪದರಪದರವಾಗಿ ತುಂಬಿಕೊಳ್ಳುತ್ತವೆ. ಮೇಕೆಗಳ ಕಿವಿಯಲ್ಲಿಯೂ ಈ ಜಾತಿಯ ನುಸಿಯಿಂದ ಹಕ್ಕುಗಟ್ಟಿ, ಅವು ತಲೆ ಕೊಡವುತ್ತ ಕಿವಿಯನ್ನು ಬೇಲಿಗೆ ಉಜ್ಜುತ್ತವೆ. ಹಕ್ಕನ್ನು ಬಲಾತ್ಕಾರದಿಂದ ಕೀಳಬಾರದು. ಕಿತ್ತರೆ ಅದರಡಿಯ ಹಸಿಗಾಯದಿಂದ ವಿಪರೀತ ನೋವಾಗುತ್ತದೆ. ಔಷಧದಿಂದ ನುಸಿ ಸತ್ತಮೇಲೆ ಹಕ್ಕುಗಳು ತಾವಾಗಿಯೇ ಉದುರುತ್ತವೆ. ಹೊಸದಾಗಿ ಕೊಂಡುತಂದ ಮೊಲ, ಮೇಕೆಗಳ ಕಿವಿಯನ್ನು ನೋಡಿಯೇ ಹಿಂಡಿಗೆ ಸೇರಿಸುವುದು ಬುದ್ಧಿವಂತಿಕೆ.

ಮುಖಂಡರು ಮಾಡಬಹುದಾದದ್ದು

ಊರಿನಲ್ಲಿ ಒಂದು ಮನೆಯ ಬೆಕ್ಕಿಗೆ ಚಿಕಿತ್ಸೆಯಾಗಿ ನೆರೆಮನೆಯ ಬೆಕ್ಕು ಹಾಗೆಯೇ ಉಳಿದರೆ ರೋಗವು ಸುತ್ತುತ್ತಲೇ ಇರುತ್ತದೆ. ಆದುದರಿಂದ ಗ್ರಾಮ ಪಂಚಾಯತಿಯ ಮುಖಂಡರೂ ದೊಡ್ಡ ಹಿಡುವಳಿದಾರರೂ ಮನಸ್ಸುಮಾಡಿ, ಹುಚ್ಚುರೋಗದ ಚುಚ್ಚುಮದ್ದಿಗಾಗಿ ನಾಯಿಗಳನ್ನು ಒಂದೆಡೆ ಸೇರಿಸುವ ದಿನವೇ ಪಶುವೈದ್ಯರಿಂದ ಕಿವಿಗಳ ಪರೀಕ್ಷೆಯನ್ನೂ ಮಾಡಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸಗಳಾಗುತ್ತವೆ. ಆ ದಿನ ರೋಗದ ನಾಯಿಗಳನ್ನು ಉಳಿದವುಗಳಿಂದ ದೂರ ಕಟ್ಟತಕ್ಕದ್ದು. ಪಶು ಆಸ್ಪತ್ರೆ ದೂರವಿರುವ ಊರಿನವರು 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುಚಿಕಿತ್ಸೆಯ ವಿಷಯವನ್ನು ವಿಚಾರಿಸಬಹುದು.

ವಾರಕ್ಕೊಮ್ಮೆ, ಸಂತೆಯ ದಿನವೋ ಸೋಮವಾರವೋ, ಮನೆಯ ನಾಯಿ ಬೆಕ್ಕುಗಳ ಕಿವಿಯನ್ನು ಎತ್ತಿ ನೋಡುವುದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಕಾಗದು. ಎಳೆಯ ಮರಿಯಾಗಿರುವಾಗಿನಿಂದಲೇ ಹೀಗೆ ಮುಟ್ಟಿ ನೋಡುವುದನ್ನು ರೂಢಿಮಾಡಿದರೆ, ಬೆಳೆದ ಮೇಲೆ ಅದು ಕಿವಿಯನ್ನು ಮುಟ್ಟಿದಾಗ ಬೆದರುವುದಿಲ್ಲ. ಮುಟ್ಟಗೊಡದ ದಿನವೇ ಏನೋ ನೋವಿದೆಯೆಂದು ತಿಳಿದುಬರುತ್ತದೆ. ಇರುಳೆಲ್ಲ ಮನೆಯನ್ನು ಕಾಯುವ ಪ್ರಾಣಿಗೆ ಯಜಮಾನನು ಸಲ್ಲಿಸಬೇಕಾದ ಕೂಲಿಯಲ್ಲಿ ಒಂದು ತುತ್ತು ಅನ್ನದಂತೆಯೇ ಈ ಒಂದು ನಿಮಿಷವೂ ಸೇರಿದೆ.